ಲೋಟ ಬೇರೆ, ಬ್ಲೇಡು ಒಂದೇ

ಬನಹಟ್ಟಿಯ ನಮ್ಮ ಕಾಕಾನ ಮನೆಯಲ್ಲಿ ಒಂದು ಸ್ಟೀಲ್ ಲೋಟದ ತಳಕ್ಕೆ ಕೆಂಪು ನೇಲ್ ಪಾಲಿಶ್ ಹಚ್ಚಿದ್ದಾರೆ. ಅದು ಕಾಕಾನ ಲೋಟ ಅನ್ನೋದಕ್ಕೆ ಗುರುತು. ತಾಟಿನ ಅಂಚಿಗೂ ಅಂಥದ್ದೇ ಒಂದು ಚುಕ್ಕೆ ಇದೆ. ಟವೆಲ್ ಬೇರೆ, ಹಾಸಿಗೆ ಬೇರೆ. ಊಟ ಆದ ಮೇಲೆ ಅವನ ತಾಟನ್ನು ಉಳಿದ ಪಾತ್ರೆಗಳ ಜೊತೆ ಇಡುವುದಿಲ್ಲ, ಹಿತ್ತಲ ಕಟ್ಟೆಯ ಮೇಲೆ ಒಂಟಿಯಾಗಿ ಬಿಸಿಲಿಗೆ ಇಡುತ್ತಾರೆ. ಇದೆಲ್ಲ ಶುರುವಾಗಿದ್ದು ಒಂದು ಫೋನಿನಿಂದ. ಊರಲ್ಲಿ ಯಾರದೋ ಪುಣ್ಯತಿಥಿಗೆ ರಕ್ತದಾನ ಶಿಬಿರ ಇತ್ತು. ಕಾಕಾ ಮಗ್ಗ ಬಂದ್ ಮಾಡಿ ಹೋಗಿ ರಕ್ತ ಕೊಟ್ಟು, ಬಿಸ್ಕೀಟು ತಿಂದು, ಸರ್ಟಿಫಿಕೇಟ್ ಹಿಡಿದುಕೊಂಡು ಬಂದಿದ್ದ. ಕೆಲವು ದಿನ ಬಿಟ್ಟು ರಕ್ತ ಭಂಡಾರದವರು ಫೋನ್ ಮಾಡಿದರು. 'ಒಮ್ಮೆ ಬಂದ್ ಹೋಗ್ರಿ, ಫೋನ್‌ನಾಗ ಹೇಳಾಕ ಬರಂಗಿಲ್ಲ' ಅಂದರಂತೆ. ಹೋದ. ಕೂರಿಸಿ ಸಮಾಧಾನವಾಗಿ ಹೇಳಿದರು, ಬೇರೆ ಕಡೆ ಇನ್ನೊಮ್ಮೆ ಟೆಸ್ಟ್ ಮಾಡಿಸಿದರು. ಹೆಪಟೈಟಿಸ್ ಬಿ ಪಾಸಿಟಿವ್. ರಕ್ತದ ಮೂಲಕ ಹರಡಿ ಲಿವರ್ ಕೆಡಿಸುವ ವೈರಸ್ಸು ಅದು.

ನಾನು ಹೋದಾಗ ಚಿಗವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು. 'ಅಂಟ ಬ್ಯಾನಿ ಅಂತಪಾ. ಮನ್ಯಾಗ ಸಣ್ಣ ಹುಡುಗ್ರು ಅದಾವ, ಏನ್ ಮಾಡೂದು?' ತಪ್ಪು ಅಂತ ನಾನು ಹೇಳಲ್ಲ. ಮೊಮ್ಮಕ್ಕಳ ಮೇಲಿನ ಕಾಳಜಿ ಅದು. ಆದರೆ ಕೈಕಾಲು ತೊಳೆಯೋಕೆ ಬಚ್ಚಲಿಗೆ ಹೋದಾಗ ನನ್ನ ಕಣ್ಣಿಗೆ ಬಿದ್ದಿದ್ದು ಬೇರೆಯೇ. ಕನ್ನಡಿ ಕೆಳಗಿನ ಹಲಗೆಯ ಮೇಲೆ ಒಂದು ದಾಡಿ ಸೆಟ್ಟು. ಒಂದೇ ರೇಜರ್. ಅದರಲ್ಲಿ ಕಾಕಾನೂ ದಾಡಿ ಮಾಡಿಕೊಳ್ಳುತ್ತಾನೆ, ಅವನ ಮಗನೂ ಮಾಡಿಕೊಳ್ಳುತ್ತಾನೆ. ಪಕ್ಕದ ಮೊಳೆಗೆ ನೇತುಹಾಕಿದ್ದ ನೇಲ್ ಕಟರ್ ಅಂತೂ ಇಡೀ ಮನೆಯದು. ಅವಕ್ಕೆ ಯಾರೂ ಕೆಂಪು ಚುಕ್ಕೆ ಇಟ್ಟಿರಲಿಲ್ಲ.

ಅವತ್ತಿನಿಂದ ಇದು ತಲೆಯಲ್ಲೇ ಕೂತಿದೆ. ನಮಗೆ ಹೆದರಿಕೆ ಕಡಿಮೆ ಇಲ್ಲ, ಬೇಕಾದಷ್ಟಿದೆ. ಆದರೆ ಅದೆಲ್ಲ ಹೋಗಿ ಮನುಷ್ಯನ ಮೇಲೆ ಕೂರುತ್ತದೆ. ಸೂಜಿ, ಬ್ಲೇಡುಗಳ ಮೇಲೆ ಕೂರಬೇಕಾದದ್ದು ಅಲ್ಲಿ ಹೋಗಿ ಕೂರುತ್ತದೆ. ಇನ್ನೂ ತಮಾಷೆ ಅಂದ್ರೆ, ಯಾವ ಸಣ್ಣ ಹುಡುಗರಿಗಾಗಿ ಲೋಟ ಬೇರೆ ಆಯಿತೋ, ಆ ಮನೆಯಲ್ಲಿ ಈ ವೈರಸ್‌ನಿಂದ ಅತಿ ಸುರಕ್ಷಿತವಾಗಿ ಇರುವವರು ಅವರೇ. 2011ರ ಹೊತ್ತಿಗೆ ದೇಶದ ಎಲ್ಲ ಕಡೆ ಮಕ್ಕಳ ಲಸಿಕೆಯಲ್ಲಿ ಹೆಪಟೈಟಿಸ್ ಬಿ ಸೇರಿತ್ತು. ಈಗ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಹಾಕುವ ಪೆಂಟಾವೇಲೆಂಟ್ ಚುಚ್ಚುಮದ್ದಿನ ಒಳಗೇ ಅದು ಇರುತ್ತದೆ. ಆ ಹುಡುಗರಿಗೆ ಆಶಾ ಅಕ್ಕ ಬಂದು ನೆನಪು ಮಾಡಿ ಎಲ್ಲ ಹಾಕಿಸಿದ್ದಾಳೆ. ಲಸಿಕೆ ಇಲ್ಲದೆ ಇದ್ದವನು ಅವರಪ್ಪ, ಅದೇ ರೇಜರ್ ಬಳಸುವವನು.

ಹೆದರಿಕೆಯ ಲೆಕ್ಕ ತಲೆಕೆಳಗು

ರಕ್ತದ ಮೂಲಕ ಹರಡುವ ವೈರಸ್‌ಗಳಲ್ಲಿ ನಮ್ಮ ನಿತ್ಯದ ಬದುಕಿಗೆ ಮುಖ್ಯವಾದವು ಮೂರು. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ. ನಮ್ಮ ಕಡೆ ಮೊದಲನೆಯದರ ಹೆಸರು ಗೊತ್ತಿಲ್ಲದವರು ಇಲ್ಲ. 2000ರ ಆಸುಪಾಸಿನಲ್ಲಿ ಕರ್ನಾಟಕದಲ್ಲಿ ಎಚ್‌ಐವಿ ಜಾಸ್ತಿ ಇದ್ದ ಜಿಲ್ಲೆಗಳಲ್ಲಿ ಬಾಗಲಕೋಟೆ, ಬೆಳಗಾವಿ ಎರಡೂ ಇದ್ದವು. ಆ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, 'ದೊಡ್ಡ ಬ್ಯಾನಿ' ಅನ್ನುತ್ತಿದ್ದರು. ನಮ್ಮ ಓಣಿಯಲ್ಲೇ ಒಬ್ಬರಿದ್ದರು. ಚಹಾದಂಗಡಿಯವನು ಅವರಿಗೆ ಮಾತ್ರ ಪ್ಲಾಸ್ಟಿಕ್ ಕಪ್‌ನಲ್ಲಿ ಚಹಾ ಕೊಡುತ್ತಿದ್ದ, ಉಳಿದವರಿಗೆಲ್ಲ ಗಾಜಿನ ಗ್ಲಾಸು. ಅವರು ಕೂತು ಎದ್ದ ಬೆಂಚಿನ ಮೇಲೆ ಯಾರೂ ತಕ್ಷಣ ಕೂರುತ್ತಿರಲಿಲ್ಲ. ಅವರು ಹೋದ ಮೇಲೆ ಅವರ ಬಟ್ಟೆ ಸುಟ್ಟರು. ಆಗಿನ ಕಾಲಕ್ಕೆ ಮಾತ್ರೆ ಕೈಗೆ ಎಟುಕುತ್ತಿರಲಿಲ್ಲ, ಸರ್ಕಾರ ಉಚಿತವಾಗಿ ಎಆರ್‌ಟಿ, ಅಂದರೆ ಎಚ್‌ಐವಿ ಹತ್ತಿಕ್ಕುವ ಮಾತ್ರೆ, ಕೊಡಲು ಶುರು ಮಾಡಿದ್ದು 2004ರಲ್ಲಿ. ಅದೂ ನಮ್ಮ ಊರುಗಳ ಹತ್ತಿರಕ್ಕೆ ಬರೋಕೆ ಇನ್ನಷ್ಟು ಕಾಲ ಹಿಡಿಯಿತು. ಕಾಕಾನ ಲೋಟದ ಕೆಂಪು ಚುಕ್ಕೆಯಲ್ಲಿ ನನಗೆ ಕಾಣುವುದು ಆ ದಿನಗಳ ಹೆದರಿಕೆಯೇ. ರೋಗ ಬೇರೆ, ಹೆದರಿಕೆ ಹಳೆಯದು.

ಈಗ ಅಂಕಿಸಂಖ್ಯೆ ನೋಡೋಣ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ರೋಗಿಯ ರಕ್ತ ಹತ್ತಿದ ಸೂಜಿ ಆಗಾಗ ಚುಚ್ಚುತ್ತದೆ. ಅಂಥವರನ್ನು ವರ್ಷಗಟ್ಟಲೆ ಗಮನಿಸಿ ತೆಗೆದ ಲೆಕ್ಕ ಇದೆ. ಸೂಜಿಯಲ್ಲಿ ಎಚ್‌ಐವಿ ಇರುವ ರಕ್ತ ಇದ್ದರೆ ಸಾವಿರಕ್ಕೆ ಸುಮಾರು 3 ಜನರಿಗೆ ಅಂಟುತ್ತದೆ. ಹೆಪಟೈಟಿಸ್ ಸಿ ಇದ್ದರೆ ನೂರಕ್ಕೆ 2ಕ್ಕಿಂತ ಕಡಿಮೆ. ಹೆಪಟೈಟಿಸ್ ಬಿ ಇದ್ದು, ಚುಚ್ಚಿಸಿಕೊಂಡವರಿಗೆ ಲಸಿಕೆ ಆಗಿರದಿದ್ದರೆ ನೂರಕ್ಕೆ 6ರಿಂದ 30 ಜನರಿಗೆ. ಯಾವುದಕ್ಕೆ ಬಟ್ಟೆ ಸುಟ್ಟೆವೋ ಅದು ಈ ಪಟ್ಟಿಯ ಕೊನೆಯಲ್ಲಿದೆ. ಯಾವುದನ್ನು 'ಕಾಮಣಿ' (ಕಾಮಾಲೆ) ಅಂತ ಕರೆದು ಎಲೆ ಔಷಧ ಕುಡಿಸಿ ಮರೆತೆವೋ ಅದು ಮೇಲಿದೆ. ಹೆಪಟೈಟಿಸ್ ಬಿ ವೈರಸ್ಸು ಒಣಗಿದ ರಕ್ತದಲ್ಲೂ ಕಡಿಮೆ ಅಂದರೆ ಏಳು ದಿನ ಬದುಕಿರಬಲ್ಲದು. ರಕ್ತ ಕಣ್ಣಿಗೆ ಕಾಣಬೇಕು ಅಂತಲೂ ಇಲ್ಲ. ರೇಜರ್ ಮೂಲೆಯಲ್ಲಿ ಉಳಿದ ಕಲೆಯಷ್ಟು ಸಾಕು.

ಹಾಗಂತ ಕಾಕಾನ ಜೊತೆ ಒಂದೇ ತಾಟಿನಲ್ಲಿ ಉಂಡರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಈ ಮೂರೂ ಅನ್ನದಿಂದ, ನೀರಿನಿಂದ, ಕೆಮ್ಮಿನಿಂದ, ಕೈ ಕುಲುಕುವುದರಿಂದ, ಒಂದೇ ಸಂಡಾಸ ಬಳಸುವುದರಿಂದ ಬರುವುದಿಲ್ಲ. ಸೊಳ್ಳೆಯಿಂದಲೂ ಇಲ್ಲ. ಇದನ್ನು ಎಷ್ಟು ಜನ ಕೇಳುತ್ತಾರೋ! ಸೊಳ್ಳೆ ಕಚ್ಚಿದಾಗ ನಮ್ಮೊಳಗೆ ಬಿಡುವುದು ತನ್ನ ಎಂಜಲನ್ನು, ಹಿಂದೆ ಯಾರಿಂದಲೋ ಹೀರಿದ ರಕ್ತವನ್ನಲ್ಲ. ಎಚ್‌ಐವಿ ಸೊಳ್ಳೆಯೊಳಗೆ ಬೆಳೆಯುವುದೂ ಇಲ್ಲ. ನಾನು ಈಗ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇನ್ನೊಬ್ಬರ ರಕ್ತ ನನ್ನ ರಕ್ತ ಸೇರೋಕೆ ಇಲ್ಲಿ ದಾರಿ ಇದೆಯಾ? ಲೋಟದಲ್ಲಿ ಇಲ್ಲ. ರೇಜರ್‌ನಲ್ಲಿ ಇದೆ, ನೇಲ್ ಕಟರ್‌ನಲ್ಲಿ ಇದೆ, ಹಲ್ಲುಜ್ಜುವ ಬ್ರಶ್‌ನಲ್ಲಿ ಸ್ವಲ್ಪ ಇದೆ. ಗಂಡಹೆಂಡಿರ ಸಂಬಂಧ, ತಾಯಿಯಿಂದ ಮಗುವಿಗೆ ಹೆರಿಗೆಯ ಹೊತ್ತಿನಲ್ಲಿ, ಇವು ಬೇರೆ ದೊಡ್ಡ ದಾರಿಗಳು.

'ಎಲ್ಲಿಂದ ತಂದಿ?'

ರಿಪೋರ್ಟ್ ಬಂದ ಮೇಲೆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ ಇದು. ಆದರೆ ಎಲ್ಲರ ಕಣ್ಣಲ್ಲೂ ಇತ್ತು. ಕಾಕಾ ವಯಸ್ಸಿನಲ್ಲಿದ್ದಾಗ ಮಾಲು ತಗೊಂಡು ಸೊಲ್ಲಾಪುರ, ಇಚಲಕರಂಜಿ ಅಂತ ತಿರುಗುತ್ತಿದ್ದ. ಊರವರಿಗೆ ಅಷ್ಟು ಸಾಕು, ಕಥೆ ಕಟ್ಟುತ್ತಾರೆ. ಚಿಗವ್ವ ಏನೂ ಅನ್ನಲಿಲ್ಲ, ಆದರೆ ತನ್ನ ಟೆಸ್ಟ್ ಮಾಡಿಸೋಕೆ ಹೋಗುವಾಗ ಅವನ ಜೊತೆ ಹೋಗಲಿಲ್ಲ, ಮಗನ ಜೊತೆ ಹೋದಳು. ಅವಳದು ನೆಗೆಟಿವ್ ಬಂತು.

ಈ ವೈರಸ್ ಬಗ್ಗೆ ಒಂದು ಸಂಗತಿ ಗೊತ್ತಿದ್ದರೆ ಆ ಕಣ್ಣುಗಳು ಬೇರೆ ಕಡೆ ತಿರುಗುತ್ತಿದ್ದವು. ದೊಡ್ಡವರಾದ ಮೇಲೆ ಹೆಪಟೈಟಿಸ್ ಬಿ ಅಂಟಿದರೆ ನೂರಕ್ಕೆ 95 ಜನರ ಮೈ ಅದನ್ನು ತಾನೇ ಹೊರಗೆ ಹಾಕುತ್ತದೆ. ಹುಟ್ಟುವಾಗ ತಾಯಿಯಿಂದ ಅಂಟಿದರೆ ಲೆಕ್ಕ ಉಲ್ಟಾ, ನೂರರಲ್ಲಿ ಸುಮಾರು 90 ಮಕ್ಕಳಲ್ಲಿ ಅದು ಜನ್ಮವಿಡೀ ಉಳಿದುಬಿಡುತ್ತದೆ. ಅಂದರೆ ಐವತ್ತು ದಾಟಿದವನ ಮೈಯಲ್ಲಿ ಸದ್ದಿಲ್ಲದೆ ಕೂತಿರುವ ವೈರಸ್ಸು ಅವನು ತಿರುಗಿದ ಊರುಗಳಿಗಿಂತ ಅವನು ಹುಟ್ಟಿದ ಮನೆಯ ಕಡೆ ಜಾಸ್ತಿ ಬೆರಳು ತೋರಿಸುತ್ತದೆ. ನಮ್ಮ ಆಯಿ, ಅಂದರೆ ಕಾಕಾನ ಮತ್ತು ನಮ್ಮಪ್ಪನ ತಾಯಿ, ತೀರಿಕೊಂಡಿದ್ದು ಹೊಟ್ಟೆಯಲ್ಲಿ ನೀರು ತುಂಬಿ. ಕಾಲು ಬಾತು, ಹೊಟ್ಟೆ ಉಬ್ಬಿ, ಕಣ್ಣು ಹಳದಿ ಆಗಿತ್ತು. ಅದು ಲಿವರ್ ಕೆಟ್ಟವರ ಲಕ್ಷಣ. ಲಿವರ್ ಯಾಕೆ ಕೆಟ್ಟಿತು ಅಂತ ಆಗ ಯಾರೂ ನೋಡಲಿಲ್ಲ, ನೋಡುವ ಅನುಕೂಲವೂ ಇರಲಿಲ್ಲ. ಆಯಿಯಿಂದಲೇ ಬಂತು ಅಂತ ಈಗ ಸಾಬೀತು ಮಾಡೋಕೆ ಆಗಲ್ಲ. ಆದರೆ ಸೊಲ್ಲಾಪುರದ ಕಥೆಗಿಂತ ಇದು ಎಷ್ಟೋ ನಂಬುವ ಹಾಗಿದೆ. ನಾನು ಇದನ್ನು ಹೇಳಿದಾಗ ಅಪ್ಪ ಒಂದು ನಿಮಿಷ ಸುಮ್ಮನೆ ಕೂತು, 'ಹಂಗಂದ್ರ ನಾನೂ ತೋರಿಸ್ಬೇಕಲ್ಲೋ' ಅಂದರು. ಅಪ್ಪ, ಅತ್ತೆಯಂದಿರು ಎಲ್ಲರೂ ಟೆಸ್ಟ್ ಮಾಡಿಸಿದರು. ಅಪ್ಪನದು ನೆಗೆಟಿವ್, ದೊಡ್ಡತ್ತೆಯದು ಪಾಸಿಟಿವ್. ಅವಳು ಮನೆ ಬಿಟ್ಟು ಎಲ್ಲೂ ತಿರುಗಿದವಳಲ್ಲ. ಅಲ್ಲಿಗೆ ಕಾಕಾನ ಮೇಲಿನ ಅನುಮಾನ ನಿಂತಿತು. ಯಾರೂ ಕ್ಷಮೆ ಕೇಳಲಿಲ್ಲ ಅನ್ನೋದು ಬೇರೆ ಮಾತು.

ಕಾಮಣಿಯ ಎಲೆ ಔಷಧಕ್ಕೆ ಇಷ್ಟು ಹೆಸರು ಬರೋದರ ಗುಟ್ಟೂ ಇದೇ ಲೆಕ್ಕದಲ್ಲಿದೆ. ನಮ್ಮಲ್ಲಿ ಕಾಮಣಿ ಆದರೆ ಮೊದಲು ಹೋಗೋದು ಎಲೆ ಕೊಡುವವರ ಹತ್ತಿರ. ಕೆಲವು ಕಡೆ ಕೈಗೆ ಬರೆಯನ್ನೂ ಹಾಕುತ್ತಾರೆ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ. ದೊಡ್ಡವರಲ್ಲಿ ಹೆಪಟೈಟಿಸ್ ಬಿ ಕೂಡ ಹೆಚ್ಚಿನ ಸಲ ಹಾಗೇ. ಹಳದಿ ಇಳಿಯುತ್ತದೆ, ಎಲೆಗೆ ಕೀರ್ತಿ ಬರುತ್ತದೆ. ಯಾರಲ್ಲಿ ವೈರಸ್ಸು ಹೋಗದೆ ಒಳಗೇ ಉಳಿಯಿತೋ ಅವರಿಗೂ ಹಳದಿ ಇಳಿದಿರುತ್ತದೆ. ಅವರೂ ವಾಸಿಯಾದೆ ಅಂದುಕೊಂಡು ಮನೆಗೆ ಹೋಗುತ್ತಾರೆ. ಇಪ್ಪತ್ತು ಮೂವತ್ತು ವರ್ಷ ಆದ ಮೇಲೆ ಲಿವರ್ ಗಟ್ಟಿಯಾದಾಗ ಅಥವಾ ಅಲ್ಲಿ ಕ್ಯಾನ್ಸರ್ ಕಂಡಾಗ ಆ ಹಳೇ ಕಾಮಣಿ ಯಾರಿಗೆ ನೆನಪಿರುತ್ತದೆ? ಎಲೆ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಅದರ ಜೊತೆಗೆ ಒಂದು ರಕ್ತ ಪರೀಕ್ಷೆ ಮಾಡಿಸಿ ಅಂತ ಅವರೇ ಹೇಳಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ.

ಕಟಿಂಗ್ ಅಂಗಡಿಯ ಕನ್ನಡಿಯಲ್ಲಿ

ರವಿವಾರ ಬೆಳಿಗ್ಗೆ ನಮ್ಮೂರ ಕಟಿಂಗ್ ಅಂಗಡಿ ನೋಡಬೇಕು. ಬೆಂಚಿನ ತುಂಬ ಜನ, ಹಳೇ ಪೇಪರ್ ಕೈಯಿಂದ ಕೈಗೆ, ಟೀವಿಯಲ್ಲಿ ಯಾವುದೋ ಹಾಡು. ಹೋದ ತಿಂಗಳು ಅಲ್ಲಿ ಕೂತು ಕನ್ನಡಿಯಲ್ಲಿ ಬರೀ ಕೈಗಳನ್ನು ನೋಡಿದೆ. ಒಳ್ಳೆಯ ಕೆಲಸಗಾರ. ಕಾಗದದ ಸಮೇತ ಬ್ಲೇಡನ್ನು ಅರ್ಧಕ್ಕೆ ಮುರಿಯುತ್ತಾನೆ, ಅರ್ಧ ಉಸ್ತರಾಕ್ಕೆ ಹಾಕುತ್ತಾನೆ, ಇನ್ನರ್ಧ ಮುಂದಿನವರಿಗೆ. ಅದರಲ್ಲಿ ತೊಂದರೆ ಇಲ್ಲ, ಆ ಅರ್ಧ ಯಾರಿಗೂ ತಾಗಿರಲ್ಲ. ಆದರೆ ಜನ ಜಾಸ್ತಿ ಆದಾಗ ಕಂಕುಳಕ್ಕೆ, ಕತ್ತಿನ ಹಿಂದಿನ ಕೂದಲಿಗೆ ಹಳೇ ಬ್ಲೇಡೇ ಓಡುತ್ತದೆ. 'ಬರೇ ಕುತ್ತಿಗಿಗೇನ್ರಿ' ಅನ್ನುವ ಧಾಟಿ. ಡೆಟಾಲ್ ನೀರಿನ ಬಟ್ಟಲು ಇದೆ, ಉಸ್ತರಾ ಅದರಲ್ಲಿ ಅದ್ದಿ ತೆಗೆಯುತ್ತಾನೆ. ಒಂದು ಸಲ ಅದ್ದಿದ್ದಕ್ಕೆ ಹೆಪಟೈಟಿಸ್ ಬಿ ಸಾಯುತ್ತದೆ ಅಂತ ನಂಬಿ ಕೂರೋ ಹಾಗಿಲ್ಲ.

ನನ್ನ ಕಣ್ಣಿಗೆ ಹೆಚ್ಚು ಬಿದ್ದಿದ್ದು ಪಟಿಕದ ಗಡ್ಡೆ. ದಾಡಿ ಆದ ಮೇಲೆ ಒದ್ದೆ ಮುಖಕ್ಕೆಲ್ಲ ಅದನ್ನು ತಿಕ್ಕುತ್ತಾರೆ. ಎಲ್ಲಿ ಕೊಯ್ದಿದೆಯೋ ಅಲ್ಲಿ ಇನ್ನಷ್ಟು ಒತ್ತಿ ತಿಕ್ಕುತ್ತಾರೆ, ರಕ್ತ ನಿಲ್ಲಲಿ ಅಂತ. ಆಮೇಲೆ ಅದೇ ಗಡ್ಡೆ ಮುಂದಿನವರ ಕೊಯ್ದ ಗಲ್ಲಕ್ಕೆ. ಬ್ಲೇಡ್ ಬದಲಾಯಿಸಿದ್ದೇನೆ ಅಂತ ಹೆಮ್ಮೆಯಿಂದ ತೋರಿಸುವ ಅಂಗಡಿಯಲ್ಲೂ ಪಟಿಕ ಒಂದೇ. ಎಚ್‌ಐವಿ ಹೀಗೆ ಹರಡೋದು ತೀರಾ ಕಡಿಮೆ, ಅದು ಮೈಯಿಂದ ಹೊರಗೆ ಬಂದರೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಬಿ ಆದರೆ ಹಾಗಲ್ಲ. ನನ್ನ ಸರದಿ ಬಂದಾಗ, 'ಅಣ್ಣಾರ, ಪಟಿಕ ಬ್ಯಾಡ್ರಿ, ಹಂಗ ನೀರ್ ಹಚ್ರಿ' ಅಂದೆ. ಅವನು ನಕ್ಕ. 'ಯಾಕ್ರಿ ಸರ, ಉರೀತೈತೇನ್ರಿ?' ಕಾರಣ ಹೇಳಿದೆ. ಅವನು ಕೈ ಬಿಚ್ಚಿ ಹೆಬ್ಬೆರಳು ತೋರಿಸಿದ. ಹಳೇ ಗಾಯ, ಹೊಸ ಗಾಯ, ಒಂದರ ಮೇಲೊಂದು. 'ಬ್ಲೇಡ್ ಮುರಿಯೂ ಮುಂದ ನಂಗ ದಿನಾ ಕೊಯ್ತೈತ್ರಿ. ನೀವೆಲ್ಲಾ ನಿಮ್ಮ ಚಿಂತಿ ಮಾಡ್ತೀರಿ, ನಂದ್ಯಾರ್ ಮಾಡ್ತಾರ?'

ನಿಜವಾಗಿ ಹೌದು. ಒಬ್ಬ ಗಿರಾಕಿಗೆ ತಿಂಗಳಲ್ಲಿ ಒಂದೆರಡು ಸಲ ಅಪಾಯ. ಗಾಯದ ಬೆರಳಿನಲ್ಲಿ ದಿನಕ್ಕೆ ಎಷ್ಟೋ ಜನರ ರಕ್ತ ಮುಟ್ಟುವವನು ಅವನು. ಆಸ್ಪತ್ರೆಯ ನರ್ಸ್‌ಗೆ ಲಸಿಕೆ ಕೊಡುತ್ತೇವೆ, ಅವನಿಗೆ ಕೊಡಬೇಕು ಅಂತ ಯಾರಿಗೂ ಹೊಳೆದಿಲ್ಲ. ಮೂರು ಡೋಸ್‌ನ ಲಸಿಕೆ, ಇವತ್ತು, ತಿಂಗಳಿಗೆ, ಆರು ತಿಂಗಳಿಗೆ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಇಲ್ಲೇ ತಯಾರಿಸಲು ಶುರು ಮಾಡಿದ ಮೇಲೆ ಅದರ ಬೆಲೆಯೂ ಇಳಿದಿದೆ. ಅಂಗಡಿಯವರ ಸಂಘ ಮನಸ್ಸು ಮಾಡಿದರೆ ಒಂದು ಮಂಗಳವಾರ, ಹೇಗೂ ಅಂಗಡಿ ರಜೆ, ಎಲ್ಲರಿಗೂ ಮೊದಲ ಡೋಸ್ ಹಾಕಿಸಬಹುದು.

ಬಾದಾಮಿ ಬನಶಂಕರಿ ಜಾತ್ರೆಗೆ ಹೋದವರು ಹಚ್ಚೆ ಹಾಕುವವರ ಸಾಲನ್ನೂ ನೋಡಿರುತ್ತೀರಿ. ನಾಟಕದ ಥೇಟರ್‌ಗಳ ಕಡೆ ಹೋಗುವ ದಾರಿಯಲ್ಲಿ ಬ್ಯಾಟರಿ ಮಷಿನ್ ಇಟ್ಟುಕೊಂಡು ಕೂತಿರುತ್ತಾರೆ. ಒಂದೇ ಸೂಜಿ, ಒಂದೇ ಮುಚ್ಚಳದಲ್ಲಿ ಮಸಿ, ಒರೆಸೋಕೆ ಒಂದೇ ಬಟ್ಟೆ. ಹುಡುಗರು ಸಾಲು ನಿಂತು ಅವ್ವನ ಹೆಸರು, ಹುಡುಗಿಯ ಹೆಸರಿನ ಮೊದಲ ಅಕ್ಷರ ಬರೆಸಿಕೊಳ್ಳುತ್ತಾರೆ. ಸೂಜಿ ಬದಲಾಯಿಸಿದರೂ ಮಸಿ ಅದೇ ಆಗಿದ್ದರೆ ಪ್ರಯೋಜನ ಕಡಿಮೆ. ಹೊಸದಾಗಿ ಹಚ್ಚೆ ಹಾಕಿಸಿಕೊಂಡವರ ರಕ್ತವನ್ನು ರಕ್ತ ಭಂಡಾರದವರು ತಿಂಗಳುಗಟ್ಟಲೆ ತಗೊಳ್ಳಲ್ಲ. ಕಾರಣ ಇದೇ.

'ಒಂದ್ ಸೂಜಿ ಮಾಡಿಬಿಡ್ರಿ'

ನಾನು ಸಣ್ಣವನಿದ್ದಾಗ ಡಾಕ್ಟರ್ ಹತ್ತಿರ ಹೋದರೆ ಕಂಪೌಂಡರ್ ಸ್ಟೀಲ್ ಡಬ್ಬಿಯಲ್ಲಿ ಗಾಜಿನ ಸಿರಿಂಜ್ ಕುದಿಸುತ್ತಿದ್ದ. ಆ ಸ್ಪಿರಿಟ್ ವಾಸನೆಗೇ ಅರ್ಧ ಜ್ವರ ಬಿಡುತ್ತಿತ್ತು. ಜನ ಜಾಸ್ತಿ ಇದ್ದ ದಿನ ಅದು ಎಷ್ಟು ಹೊತ್ತು ಕುದಿಯಿತು ಅಂತ ಯಾರು ನೋಡುತ್ತಿದ್ದರು? ಈಗ ಎಲ್ಲ ಒಮ್ಮೆ ಬಳಸಿ ಎಸೆಯುವ ಸಿರಿಂಜ್. ಸುಧಾರಣೆ ದೊಡ್ಡದು. ಆದರೆ ಸೂಜಿಯ ಮೇಲಿನ ನಮ್ಮ ಪ್ರೀತಿ ಹಾಗೇ ಉಳಿದಿದೆ. ಕಬ್ಬು ಕಡಿದು ಮೈಕೈ ನೋವು ಅಂತ ಬಂದವರಿಗೆ ಮಾತ್ರೆ ಬರೆದುಕೊಟ್ಟರೆ ಅದು ಚಿಕಿತ್ಸೆ ಅನಿಸುವುದಿಲ್ಲ. 'ಗುಳಗಿ ಬ್ಯಾಡ್ರಿ, ಒಂದ್ ಸೂಜಿ ಮಾಡಿಬಿಡ್ರಿ, ನಾಳೆ ಕೆಲಸಕ್ಕ ಹೋಗ್ಬೇಕು.' ಸುಸ್ತು ಅಂದರೆ ಸಲಾಯನ್ ಹಚ್ಚಿಸಿಕೊಳ್ಳಬೇಕು. ಕೊಡದ ಡಾಕ್ಟರ್‌ಗೆ ಹೆಸರಿಲ್ಲ, ಕೊಡುವವರ ಮುಂದೆ ಪಾಳಿ. ಓದಿದವರೂ ಇದರಲ್ಲಿ ಹಿಂದೆ ಬಿದ್ದಿಲ್ಲ.

ಸೂಜಿ ತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು. ಬಳಸಿದ ಸಿರಿಂಜ್‌ಗಳನ್ನೇ ಮತ್ತೆ ಬಳಸಿದ್ದು ಕಾರಣ. 2019ರಲ್ಲಿ ಪಾಕಿಸ್ತಾನದ ರತೋಡೆರೊದಲ್ಲಿ ನೂರಾರು ಮಕ್ಕಳಲ್ಲಿ ಎಚ್‌ಐವಿ ಕಂಡಿತು, ಹೆಚ್ಚಿನವರ ತಾಯಂದಿರಿಗೆ ಸೋಂಕೇ ಇರಲಿಲ್ಲ. ಅಲ್ಲೂ ಅದೇ ಸೂಜಿ. ಇದಕ್ಕೆಲ್ಲ ಅಜ್ಜನಂಥದ್ದು ಈಜಿಪ್ಟಿನ ಕಥೆ. 1950ರ ದಶಕದಿಂದ 80ರ ದಶಕದವರೆಗೆ ಅಲ್ಲಿ ನೈಲ್ ನದಿಯ ನೀರಿನಿಂದ ಬರುವ ಒಂದು ಹುಳದ ರೋಗಕ್ಕೆ ಸರ್ಕಾರವೇ ಹಳ್ಳಿ ಹಳ್ಳಿಗೆ ಹೋಗಿ ಇಂಜೆಕ್ಷನ್ ಕೊಟ್ಟಿತು. ಗಾಜಿನ ಸಿರಿಂಜ್, ಸಾಲದಷ್ಟು ಕುದಿಸಿದ್ದು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸ. ಆಗ ಹೆಪಟೈಟಿಸ್ ಸಿ ಅನ್ನುವ ವೈರಸ್ ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ, ಅದನ್ನು ಗುರುತಿಸಿದ್ದು 1989ರಲ್ಲಿ. ಅಷ್ಟೊತ್ತಿಗೆ ಇಡೀ ಜಗತ್ತಿನಲ್ಲಿ ಆ ಸೋಂಕು ಅತಿ ಹೆಚ್ಚು ಇರುವ ದೇಶಗಳಲ್ಲಿ ಈಜಿಪ್ಟ್ ಒಂದಾಗಿತ್ತು.

ಈಗಿನ ಅಪಾಯ ಸ್ವಲ್ಪ ಸಣ್ಣ ಜಾಗದಲ್ಲಿ ಅಡಗಿದೆ. ಸೂಜಿ ಹೊಸದು ಹಾಕಿ ಸಿರಿಂಜ್ ಹಳೆಯದೇ ಇಟ್ಟರೆ ಅದು ಹೊಸದಲ್ಲ, ರಕ್ತ ಸಿರಿಂಜ್ ಒಳಗೂ ಬಂದಿರುತ್ತದೆ. ಬಳಸಿದ ಸಿರಿಂಜ್‌ನಿಂದ ಎಲ್ಲರಿಗೂ ಹಾಕುವ ದೊಡ್ಡ ಬಾಟಲಿಯ ಔಷಧ ಎಳೆದರೆ ಇಡೀ ಬಾಟಲಿಯೇ ಕೆಟ್ಟಂತೆ. ಕವರ್ ನಮ್ಮ ಮುಂದೆ ಹರಿಯಲಿ ಅಂತ ಕೇಳೋದು ಅವಮಾನ ಅಲ್ಲ. ಅದಕ್ಕಿಂತ ಒಳ್ಳೆಯ ಪ್ರಶ್ನೆ, 'ಇದಕ್ಕ ಗುಳಗಿ ನಡೀತೈತೇನ್ರಿ?' ನಮ್ಮಪ್ಪ ಈಗ ಹೀಗೆ ಕೇಳುತ್ತಾರೆ, ಡಾಕ್ಟರ್ ಖುಷಿಯಿಂದ ಹೌದು ಅನ್ನುತ್ತಾರಂತೆ.

ರಕ್ತ ಹಾಕಿಸಿಕೊಳ್ಳೋದರ ಬಗ್ಗೆ ಕೆಲವರಿಗೆ ಇನ್ನೂ ಹಳೇ ಭಯ ಇದೆ. ರಕ್ತ ಭಂಡಾರದಲ್ಲಿ ಈಗ ಪ್ರತಿ ಬಾಟಲಿಗೂ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ. ರಕ್ತ ಮಾರುವ ದಂಧೆಯನ್ನು ಸುಪ್ರೀಂ ಕೋರ್ಟ್ ಆದೇಶದಂತೆ 1998ರಿಂದ ನಿಲ್ಲಿಸಲಾಗಿದೆ. ಸೋಂಕು ಹೊಸದಾಗಿ ಅಂಟಿದ ಮೊದಲ ದಿನಗಳಲ್ಲಿ ಪರೀಕ್ಷೆಗೆ ಸಿಗದೇ ಇರಬಹುದು, ಆ ಸಣ್ಣ ಕಿಂಡಿ ಇದ್ದೇ ಇದೆ. ಆದರೆ ಕಾಕಾನ ವಿಷಯ ಗೊತ್ತಾಗಿದ್ದೇ ಈ ಪರೀಕ್ಷೆಯಿಂದ. ಅವನ ರಕ್ತ ಯಾರಿಗೂ ಹೋಗಲಿಲ್ಲ.

ಈಗ

ಕಾಕಾ ಚೆನ್ನಾಗಿದ್ದಾನೆ. ಹೆಪಟೈಟಿಸ್ ಬಿ ಇರುವ ಎಲ್ಲರಿಗೂ ಮಾತ್ರೆ ಬೇಕಾಗಲ್ಲ. ಅವನಿಗೆ ಸದ್ಯಕ್ಕೆ ಆರಾರು ತಿಂಗಳಿಗೆ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಅಷ್ಟೇ. ದೊಡ್ಡತ್ತೆಗೆ ದಿನಕ್ಕೊಂದು ಮಾತ್ರೆ ಶುರುವಾಗಿದೆ, 2018ರಲ್ಲಿ ಬಂದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಹೆಪಟೈಟಿಸ್ ಸಿ ಆಗಿದ್ದರೆ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಲ್ಲಿ ಪೂರ್ತಿ ವಾಸಿ. ಎಚ್‌ಐವಿ ಇರುವವರು ಮಾತ್ರೆ ಸರಿಯಾಗಿ ತಗೊಂಡು ವೈರಸ್ಸು ಪರೀಕ್ಷೆಗೆ ಸಿಗದಷ್ಟು ಇಳಿದರೆ ಸಂಗಾತಿಗೂ ಅಂಟಲ್ಲ. ತನಗೆ ಇದೆ ಅಂತ ಗೊತ್ತಿದ್ದು ಮಾತ್ರೆ ತಿನ್ನುವವರಿಗಿಂತ, ಗೊತ್ತೇ ಇಲ್ಲದವರ ರಕ್ತ ಹೆಚ್ಚು ಅಪಾಯ. ಒಂದು ವೇಳೆ ಬೇರೆಯವರ ರಕ್ತದ ಸೂಜಿ ಚುಚ್ಚಿದರೆ ಸೋಪು ನೀರಲ್ಲಿ ತೊಳೆದು ಅವತ್ತೇ ಜಿಲ್ಲಾಸ್ಪತ್ರೆಗೆ ಓಡಬೇಕು. ಎಚ್‌ಐವಿ ತಡೆಯುವ 28 ದಿನದ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಅಷ್ಟು ಒಳ್ಳೆಯದು.

ತಮ್ಮನಿಗೆ, ಅಂದರೆ ಕಾಕಾನ ಮಗನಿಗೆ, ಎರಡನೇ ಡೋಸ್ ಆಯಿತು. ಬೇರೆ ರೇಜರ್ ತಂದುಕೊಂಡಿದ್ದಾನೆ. ನನ್ನ ತಂಗಿಗೆ ಈಗ ಎಂಟು ತಿಂಗಳು, ಬಾಣಂತನ ನಮ್ಮಲ್ಲೇ. ಗರ್ಭಿಣಿಯರ ಟೆಸ್ಟ್‌ನಲ್ಲಿ ಅವಳದು ನೆಗೆಟಿವ್. ಆದರೂ ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಮೊದಲ ಡೋಸ್ ಹಾಕಬೇಕು. ರಜೆ ದಿನ ಹೆರಿಗೆ ಆದರೆ, ರಾತ್ರಿ ಆದರೆ, ಅದು ಕೆಲವು ಕಡೆ ತಪ್ಪಿಹೋಗುತ್ತದೆ. ತಾಯಿ ಕಾರ್ಡಿನ ಮೇಲೆ ಈಗಲೇ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದೇನೆ. ಹೆರಿಗೆ ವಾರ್ಡಿನ ಸಿಸ್ಟರ್‌ಗೆ ಯಾರು ನೆನಪು ಮಾಡಬೇಕು ಅಂತ ಕೇಳಿದ್ದಕ್ಕೆ ಚಿಗವ್ವ ತಾನೇ ಮುಂದೆ ಬಂದಳು. 'ನಾ ಕೇಳ್ತೀನಿ ಬಿಡು. ಹಾಕೂತನ ಅಲ್ಲೇ ಕುಂದರ್ತೀನಿ.'